ಎರಡಾಗಿ ಒಡೆಯದ ಬದಲಾವಣೆ

ರಿವ್ಯೂಗೆ ಬಂದಿದ್ದನ್ನು ತೆರೆದರೆ ಇಡೀ ಕಡತ ಕೆಂಪು ಹಸಿರಾಗಿತ್ತು. ನಮ್ಮ ಕೆಲಸದಲ್ಲಿ ಒಬ್ಬರು ಪ್ರೋಗ್ರಾಮಿನಲ್ಲಿ ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಅದು ಮುಖ್ಯ ಪ್ರತಿಗೆ ಸೇರುವುದು. ತೆಗೆದ ಸಾಲು ಕೆಂಪಾಗಿ, ಸೇರಿಸಿದ ಸಾಲು ಹಸಿರಾಗಿ ಕಾಣುತ್ತದೆ. ನಾನು ಕಾಯುತ್ತಿದ್ದುದು ಇಪ್ಪತ್ತು ಸಾಲಿನ ಒಂದು ಸಣ್ಣ ಬದಲಾವಣೆಗೆ. ಬಂದದ್ದು ಮೇಲಿನಿಂದ ಕೆಳಗಿನವರೆಗೆ ಬಣ್ಣ ಬಳಿದ ಗೋಡೆ.

ನಾವು ಪೀಣ್ಯದಲ್ಲಿ ಪ್ರೆಸ್ ಯಂತ್ರಗಳಿಗೆ ಕಂಟ್ರೋಲರ್ ಮಾಡುವವರು. ತಗಡು ಒತ್ತಿ ಆಕಾರ ಕೊಡುವ ಪ್ರೆಸ್ಸಿಗೆ ಎರಡು ಗುಂಡಿ ಇರುತ್ತವೆ. ಎರಡು ಕೈಯಲ್ಲೂ ಒತ್ತಿ ಹಿಡಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು, ಒಂದು ಕೈ ಎತ್ತಿದರೂ ಅಲ್ಲೇ ನಿಲ್ಲಬೇಕು. ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರುವುದಿಲ್ಲ ಎಂಬುದೇ ಅದರ ಲೆಕ್ಕ. ಆ ನಿಲ್ಲಿಸುವ ಕೆಲಸ ಮಾಡುವ ಕಡತವೇ ಅಂದು ನನ್ನ ಮುಂದೆ ಕೆಂಪು ಹಸಿರಾಗಿ ಬಿದ್ದಿತ್ತು.

ಕಳಿಸಿದವನು ನಮ್ಮ ತಂಡದ ಕಾಂಟ್ರಾಕ್ಟ್ ಇಂಜಿನಿಯರ್. ಹಳೆಯ ಗುಂಡಿಗಳಲ್ಲಿ ಸಂಪರ್ಕ ಒಂದು ಕ್ಷಣ ನಡುಗಿ, ಕೈ ಎತ್ತದೆಯೇ ಪ್ರೆಸ್ ನಿಂತುಬಿಡುತ್ತಿತ್ತು. ಆ ನಡುಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಒಂದು ಫಿಲ್ಟರ್ ಬರೆಯುವುದು ಅವನಿಗೆ ವಹಿಸಿದ ಕೆಲಸ. ಅವನು ಅದನ್ನೂ ಬರೆದಿದ್ದ, ಜೊತೆಗೆ ಕೋಡನ್ನು ಒಂದೇ ಶೈಲಿಗೆ ತರುವ ಫಾರ್ಮ್ಯಾಟರ್ ಓಡಿಸಿ ಇಡೀ ಕಡತದ ಸಾಲುಗಳನ್ನೂ ಹೊಸದಾಗಿ ಜೋಡಿಸಿದ್ದ. ಖಾಲಿ ಜಾಗ, ಆವರಣ ಚಿಹ್ನೆ, ಸಾಲು ಮುರಿಯುವ ಜಾಗ, ಎಲ್ಲ ಬೇರೆಯಾಗಿತ್ತು. ಫಿಲ್ಟರ್ ಎಲ್ಲಿದೆ ಎಂದು ಹುಡುಕುವುದಕ್ಕೇ ನನಗೆ ಅರ್ಧ ಬೆಳಗು ಬೇಕಾಯಿತು. ಫಿಲ್ಟರ್ ಚೆನ್ನಾಗಿತ್ತು. ಆದರೆ ಮಿಕ್ಕ ಸಾಲುಗಳಲ್ಲಿ ಬೇರೇನೂ ಬದಲಾಗಿಲ್ಲ ಎಂದು ಆಣೆ ಮಾಡಿ ಹೇಳಲು ನನ್ನಿಂದ ಸಾಧ್ಯವಿರಲಿಲ್ಲ.

ನಾನು ಒಪ್ಪಲಿಲ್ಲ. "ಎರಡಾಗಿ ಒಡೆದು ಕಳಿಸಿ. ಮೊದಲು ಬರೀ ಫಾರ್ಮ್ಯಾಟಿಂಗ್, ಆಮೇಲೆ ಫಿಲ್ಟರ್" ಎಂದು ಬರೆದೆ. ತಂಡದಲ್ಲಿ ನನಗೆ ಕಿರಿಕಿರಿ ಮೇಡಂ ಎಂಬ ಹೆಸರಿರುವುದು ನನಗೆ ಗೊತ್ತು. ಅದರ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಅವನು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತ. "ನಂಗೂ ಗೊತ್ತು ಮೇಡಂ. ನಾನೂ ಏಳ್ದೆ. ಮ್ಯಾನೇಜರ್ ಸಾರು ಒಂದೇ ಸಲ ಆಕ್ಬುಡು ಅಂದ್ರು."

"ಸಾರು ಅಂದ್ರೆ ನೀನು ಹಾಕ್ಬಿಡ್ತೀಯಾ?"

"ನೀವಾದ್ರೆ ಪರ್ಮನೆಂಟು ಮೇಡಂ," ಎಂದು ನಕ್ಕ. ಪೀಣ್ಯದ ಪಕ್ಕದ ಹಳೆಯ ಊರಿನವನು ಅವನು. ಅವರ ಹೊಲವಿದ್ದ ಕಡೆ ಈಗ ಗೋಡೌನುಗಳಿವೆ. ಮನೆಯಲ್ಲಿ ಇಂಜಿನಿಯರಿಂಗ್ ಓದಿದ ಮೊದಲನೆಯವನು, ಏಜೆನ್ಸಿಯೊಂದರ ಮೂಲಕ ನಮ್ಮಲ್ಲಿಗೆ ಬಂದಿದ್ದ.

ಮ್ಯಾನೇಜರ್ ಹತ್ತಿರ ನಾನೇ ಹೋದೆ. ಅವರನ್ನು ಕೆಟ್ಟವರೆಂದು ಹೇಳಲಾರೆ. ಹೊರದೇಶದ ಖರೀದಿದಾರರೊಬ್ಬರು ನಮ್ಮ ಕೋಡನ್ನು ಪರಿಶೀಲಿಸುವವರಿದ್ದರು, ಎಲ್ಲ ಕಡತವೂ ಒಂದೇ ಶೈಲಿಯಲ್ಲಿರಬೇಕೆಂಬುದು ಅವರ ಷರತ್ತು. ಇತ್ತ ನಮ್ಮಲ್ಲಿ ಒಂದು ಹಳೆಯ ನಿಯಮವಿತ್ತು. ಮುಖ್ಯ ಪ್ರತಿಗೆ ಏನೇ ಸೇರಿದರೂ, ಅದು ಒಂದು ಸಾಲಿನ ಟಿಪ್ಪಣಿಯೇ ಆಗಿರಲಿ, ಕೆಳಗಿನ ಮಹಡಿಯಲ್ಲಿರುವ ಪರೀಕ್ಷಾ ಪ್ರೆಸ್ಸಿನ ಮೇಲೆ ಓಡಿಸಿ ತೋರಿಸಬೇಕು. ಅದನ್ನು ರಿಗ್ ಎನ್ನುತ್ತೇವೆ. ಇರುವುದು ಒಂದೇ ರಿಗ್. ಹೊರಗೆ ಹೋಗುವ ಕಂಟ್ರೋಲರುಗಳನ್ನೂ ಪ್ರೊಡಕ್ಷನ್‌ನವರು ಅದರ ಮೇಲೆಯೇ ನೋಡುವುದರಿಂದ ನಮಗೆ ಅದು ಬಿಡುವಾಗಿ ಸಿಗುವುದೇ ಅಪರೂಪ. ಹಾಗಾಗಿ ರಿಗ್ ಸಿಕ್ಕ ದಿನ, ಸಿಕ್ಕ ಬಸ್ಸಿಗೆ ಮನೆಮಂದಿಯನ್ನೆಲ್ಲ ಹತ್ತಿಸುವ ಹಾಗೆ, ಇದ್ದಬದ್ದ ಬದಲಾವಣೆಯನ್ನೆಲ್ಲ ಒಂದೇ ಗಂಟು ಕಟ್ಟಿ ಕಳಿಸುವುದು ರೂಢಿಯಾಗಿತ್ತು. ಒಳ್ಳೆಯದಕ್ಕೆಂದು ಮಾಡಿದ ನಿಯಮವೇ ಈ ಚಾಳಿಯನ್ನು ಹುಟ್ಟಿಸಿತ್ತು.

"ಒಂದು ಚೇಂಜ್‌ಗೆ ಒಂದು ಟೆಸ್ಟ್ ಮೇಡಂ. ನೀವು ಎರಡು ಮಾಡಿ ಅಂದ್ರೆ ನಾನು ಪ್ರೊಡಕ್ಷನ್ನೋರ ಕಾಲು ಹಿಡೀಬೇಕು," ಎಂದರು ಮ್ಯಾನೇಜರ್.

"ಬರೀ ಫಾರ್ಮ್ಯಾಟಿಂಗ್‌ಗೆ ರಿಗ್ಗೇ ಬೇಡ ಸಾರ್. ಮುಂಚಿಂದು, ಆಮೇಲಿಂದು ಎರಡನ್ನೂ ಕಂಪೈಲ್ ಮಾಡೋಣ. ಮಷೀನಿಗೆ ಹೋಗೋ ಫೈಲು ಎರಡೂ ಕಡೆ ಒಂದೇ ಥರ ಬಂದ್ರೆ ಏನೂ ಬದಲಾಗಿಲ್ಲ ಅಂತ ಅರ್ಥ. ಐದು ನಿಮಿಷದ ಕೆಲಸ."

"ನೀವು ಹೇಳೋದು ಸರಿ. ಆದ್ರೆ ಅದು ರೂಲಲ್ಲಿ ಇಲ್ಲ. ಆಡಿಟ್‌ನೋರು ಕೇಳಿದ್ರೆ ಏನು ತೋರಿಸ್ಲಿ?"

"ಹಂಗಿದ್ರೆ ನಾನು ಅಪ್ರೂವ್ ಮಾಡಲ್ಲ."

"ಪರ್ವಾಗಿಲ್ಲ, ನಾನೇ ಮಾಡ್ತೀನಿ ಬಿಡಿ."

ಮಾಡಿಯೂ ಬಿಟ್ಟರು. ರಿಗ್‌ನಲ್ಲಿ ಕೈ ಎತ್ತಿದರೆ ಅಚ್ಚು ನಿಂತಿತು. ನಿಂತಿತೇ ಎಂದಷ್ಟೇ ಅಲ್ಲಿ ನೋಡುವುದು. ಎಷ್ಟು ಬೇಗ ನಿಂತಿತು ಎಂದು ಅಳೆಯುವ ಉಪಕರಣವನ್ನು ವರ್ಷಕ್ಕೊಂದು ಸಲ ಹೊರಗಿನಿಂದ ತರಿಸುತ್ತಾರೆ. ಹೊಸ ಪ್ರೋಗ್ರಾಂ ಪೀಣ್ಯದ ಪ್ರೆಸ್ ಶಾಪುಗಳಿಗೆ ಹೋಯಿತು.

ದೂರು ಬಂದದ್ದು ಪೀಣ್ಯ ಎರಡನೇ ಹಂತದ ಒಂದು ಪುಟ್ಟ ಶೆಡ್ಡಿನಿಂದ. ಸರ್ವೀಸಿನವರ ಜೊತೆ ನಾನೂ ಹೋದೆ. ಬೀರುವಿನ ಬಾಗಿಲ ಕೀಲು ಒತ್ತುವ ಸಣ್ಣ ಪ್ರೆಸ್ಸು. ಕಲಬುರಗಿ ಕಡೆಯ ಆಪರೇಟರ್ ಒಬ್ಬ ಅದರ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ತಗಡು ಓರೆಯಾಗಿದೆ ಅನ್ನಿಸಿ ಒಂದು ಕೈ ಎತ್ತಿ ಸರಿಮಾಡಲು ಹೋಗಿದ್ದಾನೆ. ಆ ಕ್ಷಣಕ್ಕೇ ನಿಲ್ಲಬೇಕಿದ್ದ ಅಚ್ಚು ಒಂದು ಗಳಿಗೆ ತಡೆದು ನಿಂತಿದೆ. ಅವನು ನನಗೆ ಗ್ಲೌಸು ತೋರಿಸಿದ. ಎರಡು ಬೆರಳಿನ ತುದಿ ಕತ್ತರಿಸಿ ಹೋಗಿತ್ತು.

"ಬೆರಳು ಅದಾವ್ರಿ ಮೇಡಂ, ಗ್ಲೌಸ್ ಅಷ್ಟ ಹೋತು," ಎಂದು ಕೈ ಮುಂದೆ ಚಾಚಿದ. ನನಗೆ ಆ ಕೈಯನ್ನು ನೋಡುವುದಕ್ಕೇ ಆಗಲಿಲ್ಲ. ಹೊರಗೆ ಬಂದು ನಿಂತೆ.

ಆಫೀಸಿಗೆ ವಾಪಸು ಬರುವಷ್ಟರಲ್ಲಿ ಮ್ಯಾನೇಜರ್ ತಪ್ಪಿತಸ್ಥನನ್ನು ಹುಡುಕಿ ಮುಗಿಸಿದ್ದರು. ಯಾವ ಸಾಲನ್ನು ಕೊನೆಗೆ ಮುಟ್ಟಿದವರು ಯಾರು ಎಂದು ತೋರಿಸುವ ಒಂದು ಕಂಪ್ಯೂಟರ್ ಆಜ್ಞೆ ನಮ್ಮಲ್ಲಿದೆ. ಪ್ರತಿ ಸಾಲಿನ ಪಕ್ಕ ಒಂದು ಹೆಸರು ಬರುತ್ತದೆ. ನಿಲ್ಲಿಸುವ ಕಡತದ ಮೇಲೆ ಅದನ್ನು ಓಡಿಸಿದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಕಾಂಟ್ರಾಕ್ಟ್ ಇಂಜಿನಿಯರನ ಹೆಸರು. ಬರದೆ ಏನು? ಎಲ್ಲ ಸಾಲನ್ನೂ ಹೊಸದಾಗಿ ಜೋಡಿಸಿದವನು ಅವನೇ ತಾನೆ. ಅವನು ಕಾಲೇಜಿಗೆ ಸೇರುವ ಮುಂಚೆ ಬೇರೆ ಯಾರೋ ಬರೆದ ಸಾಲುಗಳೂ ಅವನ ಹೆಸರಿನಲ್ಲೇ ನಿಂತಿದ್ದವು.

"ಪೂರ್ತಿ ಇವನದೇ ಕೋಡು. ಸಾಲದ್ದಕ್ಕೆ ಫಿಲ್ಟರ್ ಬೇರೆ ಹಾಕಿದಾನೆ, ಡಿಲೇ ಆಗ್ದೆ ಇನ್ನೇನಾಗುತ್ತೆ?" ಎಂದರು ಮ್ಯಾನೇಜರ್.

ಫಿಲ್ಟರಿನ ಮೇಲೆ ಅನುಮಾನ ಬರುವುದು ಸಹಜವೇ. ಆದರೆ ಅದು ಸೇರಿಸುವ ವಿಳಂಬ ಕಣ್ಣಿಗೆ ಕಾಣದಷ್ಟು ಚಿಕ್ಕದು. ಗ್ಲೌಸು ಕತ್ತರಿಸುವಷ್ಟು ಹೊತ್ತು ಅದರಿಂದ ಬರುವ ಹಾಗಿಲ್ಲ. ಅವನೂ ಅದನ್ನೇ ಹೇಳಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಅವತ್ತೇ ಅವನ ಲ್ಯಾಪ್‌ಟಾಪ್ ವಾಪಸು ಪಡೆದು ಗೇಟಿನವರೆಗೆ ಬಿಟ್ಟುಬಂದರು. ಖರೀದಿದಾರರಿಗೂ ಏಜೆನ್ಸಿಗೂ ಒಂದು ವರದಿ ಹೋಗುವುದಿತ್ತು. ಜನರ ಕೈಗೆ ಕುತ್ತು ತರುವ ತಪ್ಪು ಮಾಡಿದವನೆಂದು ಅದರಲ್ಲಿ ಬಂದರೆ ಏಜೆನ್ಸಿ ಅವನನ್ನು ಇನ್ನೆಲ್ಲಿಗೂ ಕಳಿಸುವುದಿಲ್ಲ. ಪೀಣ್ಯದಲ್ಲಿ ಏಜೆನ್ಸಿಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ, ಒಂದು ಕಡೆ ಹೆಸರು ಕೆಟ್ಟರೆ ಎಲ್ಲ ಕಡೆ ಕೆಟ್ಟ ಹಾಗೆ.

ವಾರದ ಕೊನೆಗೆ ವರದಿ ಹೋಗುತ್ತದೆ ಎಂದರು ಮ್ಯಾನೇಜರ್. ಅಷ್ಟರೊಳಗೆ ನಾನು ತಪ್ಪಿನ ಜಾಗ ತೋರಿಸಿದರೆ ನೋಡೋಣ ಎಂದೂ ಹೇಳಿದರು. ಅದು ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅವರು ಆಗ ಒಡೆಯದೇ ಬಿಟ್ಟದ್ದನ್ನು ನಾನು ಈಗ ಒಡೆಯಬೇಕಿತ್ತು. ಅದಕ್ಕೊಂದು ದಾರಿಯಿದೆ. ಬದಲಾವಣೆಗೆ ಮುಂಚಿನ ಪ್ರತಿಯನ್ನು ತೆಗೆದುಕೊಂಡು, ಅದಕ್ಕೂ ಅದೇ ಫಾರ್ಮ್ಯಾಟರ್ ಓಡಿಸಿ, ಬಂದದ್ದನ್ನು ಅವನು ಕಳಿಸಿದ ಪ್ರತಿಯ ಜೊತೆ ಹೋಲಿಸಬೇಕು. ಜೋಡಣೆ ಎರಡು ಕಡೆಯೂ ಒಂದೇ ಆದರೆ ಮಿಕ್ಕಿ ಉಳಿಯುವುದು ನಿಜವಾದ ಬದಲಾವಣೆ ಮಾತ್ರ. ಹೇಳುವುದಕ್ಕೆ ಸುಲಭ. ಆಫೀಸಿನ ಸರ್ವರಿನಲ್ಲಿದ್ದ ಸೆಟ್ಟಿಂಗ್ ಹಾಕಿ ಓಡಿಸಿದೆ. ಹೊಂದಲೇ ಇಲ್ಲ. ನೂರಾರು ಸಾಲು ಇನ್ನೂ ಕೆಂಪು ಹಸಿರಾಗಿಯೇ ಉಳಿದವು. ಅವನು ಬೇರೆ ಯಾವುದೋ ಸೆಟ್ಟಿಂಗ್ ಬಳಸಿದ್ದಾನೆಂದು ಗೊತ್ತಾಯಿತು, ಯಾವುದೆಂದು ಗೊತ್ತಾಗಲಿಲ್ಲ. ಅವನ ಲ್ಯಾಪ್‌ಟಾಪ್ ಕೇಳಿಕೊಂಡು ಐಟಿಯವರ ಹತ್ತಿರ ಓಡಿದೆ. "ಅದು ಫಾರ್ಮ್ಯಾಟ್ ಆಗೋಯ್ತಲ್ಲ ಮೇಡಂ, ಬೇರೆಯವ್ರಿಗೆ ಕೊಟ್ಟಾಯ್ತು," ಎಂದರು. ಆ ಪದ ಕೇಳಿದರೇ ಸಿಟ್ಟು ಬರುವ ಹಾಗಾಗಿತ್ತು ನನಗೆ.

ಉಳಿದ ಸಾಲುಗಳನ್ನು ಕಣ್ಣಿನಲ್ಲೇ ಓದಲು ಶುರುಮಾಡಿದೆ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಫಿಲ್ಟರನ್ನು ಬಿಟ್ಟರೆ ಎಲ್ಲವೂ ಬರಿಯ ಜೋಡಣೆಯ ಹಾಗೆಯೇ ಕಾಣುತ್ತಿತ್ತು. ಒಂದು ಹಂತದಲ್ಲಿ ನನಗೇ ಅನುಮಾನ ಬಂತು. ನಿಜವಾಗಿ ಫಿಲ್ಟರೇ ತಪ್ಪಿರಬಹುದು, ಹುಡುಗನ ಮೇಲಿನ ಕನಿಕರಕ್ಕೆ ನಾನು ಸುಮ್ಮನೆ ಹಟ ಹಿಡಿದಿರಬಹುದು ಅನ್ನಿಸಿತು.

ಕೊನೆಗೆ ಅವನಿಗೇ ಫೋನ್ ಮಾಡಿದೆ. ನಾಗಸಂದ್ರ ಮೆಟ್ರೋ ಕೆಳಗಿನ ಟೀ ಅಂಗಡಿ ಹತ್ತಿರ ಸಿಕ್ಕ. ಮುಖ ಇಳಿದುಹೋಗಿತ್ತು. ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ, ದಿನಾ ಟಿಫಿನ್ ಬಾಕ್ಸ್ ಹಿಡಿದುಕೊಂಡು ಹೊರಟು ಎಲ್ಲೆಲ್ಲೋ ಕೂತು ಬರುತ್ತಿದ್ದನಂತೆ.

"ಯಾವ ಸೆಟ್ಟಿಂಗ್ ಹಾಕಿ ಫಾರ್ಮ್ಯಾಟ್ ಮಾಡ್ದೆ? ನೆನಪಿದ್ಯಾ?"

"ಸಾರು ಎಲ್ರಿಗೂ ಮೇಲ್ ಮಾಡಿದ್ರಲ್ಲ ಮೇಡಂ, ಸ್ಟೈಲ್ ಗೈಡ್ ಜೊತೆ ಒಂದು ಫೈಲು. ಅದೇ. ನಾನು ಏನೂ ಮುಟ್ಟಿಲ್ಲ, ಅಂಗೇ ಆಕಿದ್ದು."

ಆ ಮೇಲ್ ನನಗೂ ಬಂದಿತ್ತು. ಫಾರ್ಮ್ಯಾಟಿಂಗ್ ಅವಸರದ ಬಗ್ಗೆಯೇ ಕೋಪವಿದ್ದುದರಿಂದ ನಾನು ಅದನ್ನು ತೆರೆದೂ ನೋಡಿರಲಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ತೆರೆದೆ. ಆಫೀಸಿನ ಸೆಟ್ಟಿಂಗಿಗಿಂತ ಅದರಲ್ಲಿ ಬೇರೆಯಿದ್ದ ಕೆಲವು ಸಾಲುಗಳಲ್ಲಿ ಒಂದರ ಮೇಲೆ ಕಣ್ಣು ನಿಂತಿತು. ಕಡತದ ತಲೆಯಲ್ಲಿ ಸೇರಿಸಿಕೊಳ್ಳುವ ಇತರ ಕಡತಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸು ಎಂದಿತ್ತು.

ಮರುದಿನ ಆ ಸೆಟ್ಟಿಂಗ್ ಹಾಕಿ ಹಳೆಯ ಪ್ರತಿಗೆ ಬರೀ ಫಾರ್ಮ್ಯಾಟರ್ ಓಡಿಸಿದೆ. ಈ ಸಲ ಕೆಂಪು ಹಸಿರೆಲ್ಲ ಕರಗಿ, ಉಳಿದದ್ದು ಫಿಲ್ಟರಿನ ಇಪ್ಪತ್ತು ಸಾಲು ಮಾತ್ರ. ಆಮೇಲೆ ಫಿಲ್ಟರ್ ಇಲ್ಲದ ಆ ಪ್ರತಿಯನ್ನೂ, ಮುಟ್ಟದ ಹಳೆಯ ಪ್ರತಿಯನ್ನೂ ಕಂಪೈಲ್ ಮಾಡಿದೆ. ಮೊದಲ ಸಲ ಎರಡೂ ಎಲ್ಲೆಲ್ಲೂ ಬೇರೆಯಾಗಿ ಬಂದವು. ದಿನಾಂಕ ಮತ್ತು ಸಾಲಿನ ಸಂಖ್ಯೆ ಒಳಗೆ ಸೇರಿಕೊಳ್ಳುತ್ತಿದ್ದವು. ಅವನ್ನು ಹೊರಗಿಡುವ ಸ್ವಿಚ್ ಹಾಕಿ ಮತ್ತೆ ಮಾಡಿದೆ. ಬರೀ ಜೋಡಣೆ ಬದಲಾಗಿದ್ದರೆ ಈಗ ಎರಡೂ ಪಡಿಯಚ್ಚು ಬರಬೇಕಿತ್ತು. ಒಂದೇ ಒಂದು ಸಂಖ್ಯೆಯಲ್ಲಿ ಬೇರೆಯಿತ್ತು.

ಅದು ಕೈ ಎತ್ತಿದ ಮೇಲೆ ಎಷ್ಟು ಹೊತ್ತು ಕಾದು ನಿಲ್ಲಿಸಬೇಕೆಂಬ ಸಂಖ್ಯೆ. ದೊಡ್ಡ ಹೈಡ್ರಾಲಿಕ್ ಪ್ರೆಸ್ಸಿಗೆ ಒಂದು ಕಡತದಲ್ಲಿ ದೊಡ್ಡ ಸಂಖ್ಯೆ, ಸಣ್ಣ ಪ್ರೆಸ್ಸಿಗೆ ಇನ್ನೊಂದು ಕಡತದಲ್ಲಿ ಸಣ್ಣ ಸಂಖ್ಯೆ, ಎರಡು ಕಡೆಯೂ ಅದಕ್ಕೆ ಒಂದೇ ಹೆಸರು. "ಈ ಸಂಖ್ಯೆಯನ್ನು ಇನ್ನೂ ಯಾರೂ ಹೇಳಿಲ್ಲವಾದರೆ ಇದನ್ನು ತೆಗೆದುಕೋ" ಎಂದು ಎರಡರಲ್ಲೂ ಬರೆದಿತ್ತು. ಅಂದರೆ ಯಾವ ಕಡತ ಮೊದಲು ಬರುತ್ತದೋ ಅದರ ಮಾತು ನಡೆಯುತ್ತದೆ. ಹಿಂದೆ ಯಾರೋ ಸಣ್ಣ ಪ್ರೆಸ್ಸಿನದನ್ನು ಬೇಕೆಂದೇ ಮೊದಲು ಇಟ್ಟಿದ್ದರು. ಫಾರ್ಮ್ಯಾಟರ್ ಅಕಾರಾದಿಯಾಗಿ ಜೋಡಿಸಿ ಅದನ್ನು ಕೆಳಗೆ ತಳ್ಳಿತ್ತು. ಅಂದಕ್ಕೆಂದು ಮಾಡಿದ ಕೆಲಸ ಯಂತ್ರದ ನಡತೆಯನ್ನೇ ಬದಲಿಸಿತ್ತು. ಎರಡಾಗಿ ಒಡೆದು ಕಳಿಸಿದ್ದರೆ ಅವತ್ತೇ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು. ನನಗೆ ಗೆದ್ದ ಖುಷಿ ಆಗಬೇಕಿತ್ತು, ಅಳು ಬಂತು.

ಮ್ಯಾನೇಜರಿಗೆ ಎಲ್ಲವನ್ನೂ ತೋರಿಸಿದೆ. ಅವರು ಪರದೆಯತ್ತ ಬಾಗಿ ಆ ಸಂಖ್ಯೆಯನ್ನು ಎರಡೂ ಕಡೆ ಓದಿಕೊಂಡರು. ಅವರಿಗೆ ಅರ್ಥವಾಯಿತು. ಅರ್ಥವಾಯಿತೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಫಾರ್ಮ್ಯಾಟ್ ಮಾಡಿದ್ದಂತೂ ಅವನೇ ತಾನೆ?" ಎಂದರು ಕೊನೆಗೆ.

"ನಿಮ್ಮ ಸೆಟ್ಟಿಂಗ್ ಹಾಕಿ ಸಾರ್. ನೀವೇ ಹೇಳಿದ್ದು, ನೀವೇ ಅಪ್ರೂವ್ ಮಾಡಿದ್ದು."

"ಮೇಡಂ, ಸೆಟ್ಟಿಂಗ್ ತಪ್ಪು ಅಂತ ಬರೆದ್ರೆ ಅದ್ರಲ್ಲಿ ಫಾರ್ಮ್ಯಾಟ್ ಆಗಿರೋ ಎಲ್ಲಾ ಫೈಲ್ ಮೇಲೂ ಡೌಟ್ ಬರುತ್ತೆ. ಬೈಯರ್ ಎದ್ದು ಹೋಗ್ತಾನೆ. ಈ ಫ್ಲೋರಲ್ಲಿ ಎಷ್ಟು ಜನ ಇದೀವಿ ನೋಡಿ." ಆಮೇಲೆ ದನಿ ತಗ್ಗಿಸಿ, "ರಿಪೋರ್ಟ್ ನೆನ್ನೇನೇ ಹೋಗಿಯಾಯ್ತು," ಎಂದರು.

ವಾರದ ಕೊನೆ ಎಂದಿದ್ದಿರಲ್ಲ ಎಂದು ಕೇಳಿದೆ. ಖರೀದಿದಾರರು ಅವಸರ ಮಾಡಿದರಂತೆ. ನಾನು ಕೂಗಾಡಿದೆ. ಮೇಲಿನವರಿಗೆ ಮೇಲ್ ಬರೆದೆ. "ನಿಮ್ಮ ಕಾಳಜಿಯನ್ನು ಗಮನಿಸಿದ್ದೇವೆ" ಎಂದು ಉತ್ತರ ಬಂತು. ಏಜೆನ್ಸಿಗೆ ಫೋನ್ ಮಾಡಿದೆ. ಕಂಪನಿಯಿಂದ ಬರವಣಿಗೆಯಲ್ಲಿ ಬಂದರೆ ನೋಡುತ್ತೇವೆ ಎಂದರು. ಆ ಬರವಣಿಗೆ ಕೊಡಬೇಕಾದವರು ಮ್ಯಾನೇಜರೇ.

ಇಷ್ಟರಲ್ಲಿ ಶೆಡ್ಡುಗಳಲ್ಲಿ ಆ ಪ್ರೆಸ್ಸುಗಳು ಓಡುತ್ತಲೇ ಇದ್ದವು. ಸರ್ವೀಸಿನವರು ಫೋನ್ ಮಾಡಿ ಹುಷಾರು ಎಂದು ಹೇಳುತ್ತಿದ್ದರು, ಆದರೆ ಆರ್ಡರ್ ಇರುವಾಗ ಪ್ರೆಸ್ ನಿಲ್ಲಿಸುವವರು ಯಾರು? ತಪ್ಪನ್ನು ಸರಿಮಾಡುವ ಕೋಡ್ ಕೆಲವೇ ಸಾಲಿನದು. ಎರಡು ಸಂಖ್ಯೆಗೆ ಬೇರೆ ಬೇರೆ ಹೆಸರು ಕೊಟ್ಟು, ಕಡತಗಳು ಯಾವ ಕ್ರಮದಲ್ಲಿ ಬಂದರೂ ಕೆಡದ ಹಾಗೆ ಬರೆದೆ. ರಿಗ್ ಬೇಕಿತ್ತು. ಅದು ತಿಂಗಳ ಕೊನೆ, ಪ್ರೊಡಕ್ಷನ್‌ನವರು ಕೊಡಲು ಒಪ್ಪಿದ್ದು ಒಂದೇ ಒಂದು ಸರದಿ.

"ಬೈಯರ್ ಸ್ಟೈಲ್ ಗೈಡ್ ಚೇಂಜ್ ಮಾಡಿದಾರೆ. ಅಗಲ, ಸಾಲು ಮುರಿಯೋದು, ಎಲ್ಲಾ ಬೇರೆ. ಇರೋದು ಒಂದೇ ಸ್ಲಾಟು. ನಿಮ್ಮ ಫಿಕ್ಸು, ಆ ಫಾರ್ಮ್ಯಾಟು, ಎರಡೂ ಸೇರಿಸಿ ಒಂದೇ ಚೇಂಜ್ ಕೊಡಿ," ಎಂದರು ಮ್ಯಾನೇಜರ್.

"ಇಷ್ಟೆಲ್ಲಾ ಆದ್ಮೇಲೂನಾ ಸಾರ್?"

"ಇಲ್ಲಾಂದ್ರೆ ನಿಮ್ಮ ಫಿಕ್ಸ್ ಮುಂದಿನ ತಿಂಗಳು. ನೀವೇ ಡಿಸೈಡ್ ಮಾಡಿ."

ನನ್ನ ಜಾಗಕ್ಕೆ ಬಂದು ಕೂತೆ. ಆ ಆಪರೇಟರ್ ಚಾಚಿದ ಕೈ ಕಣ್ಣ ಮುಂದೆ ಬಂತು. ಒಂದು ತಿಂಗಳು ಅವನಂಥವರು ಎಷ್ಟು ಸಲ ಕೈ ಎತ್ತುತ್ತಾರೋ! ಹಟ ಮಾಡುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಮೊದಲು ಫಾರ್ಮ್ಯಾಟಿಂಗ್ ಮಾತ್ರ ಮಾಡಿ, ನನ್ನ ಮೆಷಿನ್‌ನಲ್ಲಿ ಕಂಪೈಲ್ ಮಾಡಿ, ಎರಡೂ ಪಡಿಯಚ್ಚು ಬರುವುದನ್ನು ನನ್ನ ಸಮಾಧಾನಕ್ಕೆ ನೋಡಿಕೊಂಡೆ. ಆಮೇಲೆ ಅದರೊಳಗೆ ನನ್ನ ಸಾಲುಗಳನ್ನು ಸೇರಿಸಿ ಒಂದೇ ಬದಲಾವಣೆಯಾಗಿ ಕಳಿಸಿದೆ. ಇಡೀ ಕಡತ ಕೆಂಪು ಹಸಿರಾಯಿತು. ಮ್ಯಾನೇಜರ್ ಓದದೆ ಒಪ್ಪಿಗೆ ಕೊಟ್ಟರು. ರಿಗ್‌ನಲ್ಲಿ ಅಚ್ಚು ನಿಂತಿತು. ಒಂದೊಂದೇ ಶೆಡ್ಡಿಗೆ ಹೊಸ ಪ್ರೋಗ್ರಾಂ ಹೋಯಿತು. ಪರಿಶೀಲನೆಗೆ ಬಂದವರು ಕೋಡಿನ ಏಕರೂಪದ ಶೈಲಿಯನ್ನು ಹೊಗಳಿ ಹೋದರು.

ಅವನ ಫೋನ್ ಬಂದದ್ದು ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ. ಯಾವ ಏಜೆನ್ಸಿಯೂ ತೆಗೆದುಕೊಳ್ಳಲಿಲ್ಲವಂತೆ. ಸರ್ಜಾಪುರದ ಕಡೆ ಹೊಸ ಅಪಾರ್ಟ್‌ಮೆಂಟುಗಳಿಗೆ ಸಿಸಿಟಿವಿ ಹಾಕುವವರ ಜೊತೆ ಹೋಗುತ್ತಿದ್ದಾನಂತೆ. ಹಿಂದೆ ಯಾರೋ ಗೋಡೆಗೆ ಡ್ರಿಲ್ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು ಮೇಡಂ, ಈಗ ನಿರಾಳ ಎಂದ. ನಿರಾಳವಾಗಿದ್ದವನ ದನಿ ಅದಾಗಿರಲಿಲ್ಲ.

"ಒಂದ್ ಕೇಳ್ಲಾ ಮೇಡಂ? ನನ್ನ ಫಿಲ್ಟರ್ ಅಂಗೇ ಐತಾ, ಕಿತ್ತಾಕ್ಬುಟ್ರಾ?"

"ಇದೆ ಕಣೋ. ಚೆನ್ನಾಗಿ ಓಡ್ತಾ ಇದೆ. ಪ್ರೆಸ್ ಈಗ ಸುಮ್‌ಸುಮ್ನೆ ನಿಲ್ಲಲ್ಲ ಅಂತ ಕಸ್ಟಮರ್‌ಗಳೇ ಹೇಳ್ತಾರೆ."

"ಔದಾ?" ಎಂದ. ಡ್ರಿಲ್ಲಿನ ಸದ್ದಿನಿಂದ ದೂರ ಸರಿದನೆಂದು ಕಾಣುತ್ತದೆ, ದನಿ ಸ್ಪಷ್ಟವಾಯಿತು. "ಓಗ್ಲಿ ಬಿಡಿ, ಆ ಇಪ್ಪತ್ತು ಸಾಲಾದ್ರೂ ನನ್ನ ಎಸ್ರಲ್ಲಿ ಐತಲ್ಲ."

ನಾನು ಕಡತ ತೆರೆದು ಸಾಲಿನ ಪಕ್ಕ ಹೆಸರು ತೋರಿಸುವ ಆ ಆಜ್ಞೆ ಓಡಿಸಿದೆ. ಹಳೆಯ ಪ್ರತಿಗಳನ್ನು ಅಗೆದರೆ ಅವನ ಹೆಸರು ಸಿಗುತ್ತದೆ, ಆದರೆ ಅಗೆಯುವವರು ಯಾರೂ ಇಲ್ಲ. ಫಿಲ್ಟರಿನ ಇಪ್ಪತ್ತು ಸಾಲಿನ ಪಕ್ಕವೂ, ಅದರ ಮೇಲೂ, ಅದರ ಕೆಳಗೂ ನನ್ನ ಹೆಸರೇ ಇತ್ತು.

"ಇದೆ," ಎಂದೆ.